ಮುಗೀತ್ ಬಿಡ್ರಿ ಕಾಕಾ

ಮತ ಎಣಿಕೆಯ ದಿನ ಮಧ್ಯಾಹ್ನ ಹನ್ನೆರಡು ಹೊಡೆಯುವಷ್ಟರಲ್ಲಿ ವಿಜಯಪುರದ ಗಾಂಧಿ ಚೌಕದ ಸುತ್ತಮುತ್ತ ಭಾರತ ದೇಶ ಮುಗಿದುಹೋಗಿರುತ್ತದೆ. ಮುಗಿಸುವವರು ಮುಗೀತ್ ಬಿಡ್ರಿ ಕಾಕಾ. ವಯಸ್ಸು ಐವತ್ತು ದಾಟಿದೆ. ಬಿಳಿ ನೆಹರೂ ಶರ್ಟು, ಕಿಸೆಯಲ್ಲಿ ಎರಡು ಪೆನ್ನು, ಎಡ ಅಂಗೈಯಲ್ಲಿ ತಂಬಾಕು. ಚಹಾದಂಗಡಿಯ ಟಿವಿಯಲ್ಲಿ ತಮ್ಮ ಪಕ್ಷ ಹಿಂದೆ ಬಿದ್ದದ್ದು ಕಂಡ ಕೂಡಲೇ ಸುಣ್ಣ ತಿಕ್ಕುತ್ತಿದ್ದ ಹೆಬ್ಬೆರಳು ನಿಲ್ಲುತ್ತದೆ. ‘ಮುಗೀತ್ ಬಿಡ್ರಿ. ಈ ದೇಶಾ ಇನ್ನ ಉದ್ಧಾರ ಆಗಂಗಿಲ್ಲ. ಮಂದೀನ ಕೆಟ್ಟ ಹೋಗ್ಯಾರ’ ಎಂಬ ತೀರ್ಪು ಹೊರಬೀಳುತ್ತದೆ, ತಂಬಾಕು ತುಟಿಯೊಳಗೆ ಸೇರುತ್ತದೆ. ಟಿಕೋಟಾದಲ್ಲಿ ಇಂಥವರೊಬ್ಬರು ಬಸ್ ಸ್ಟ್ಯಾಂಡಿನ ಎದುರು ಸಿಗುತ್ತಾರೆ, ಬಬಲೇಶ್ವರದಲ್ಲಿ ಮಠದ ಹಾದಿಯಲ್ಲಿ. ಯಾವ ಪಕ್ಷದವರೆಂದು ಕೇಳಬೇಡಿ, ಎರಡೂ ಕಡೆ ಇದ್ದಾರೆ. ವಿಧಾನಸಭೆಯ ಫಲಿತಾಂಶ ಬಂದ 2023ರ ಮೇ 13ರಂದು ಒಬ್ಬ ಕಾಕಾ ದೇಶ ಮುಗಿಸಿದರೆ, ಲೋಕಸಭೆಯ ಫಲಿತಾಂಶ ಬಂದ 2024ರ ಜೂನ್ 4ರಂದು ಎದುರು ಬೆಂಚಿನ ಕಾಕಾ ಮುಗಿಸಿದರು. ಜೂನ್ 4ರ ವಿಶೇಷವೆಂದರೆ ಗೆದ್ದ ಕಡೆಯ ಕಾಕಾನ ಮುಖವೂ ಬಾಡಿತ್ತು. ಮಿತ್ರಪಕ್ಷಗಳೂ ಸೇರಿ ನಾನೂರು ಎಂದು ಹೊರಟ ಬಿಜೆಪಿ ಒಂಟಿಯಾಗಿ 240ಕ್ಕೆ ನಿಂತಿತ್ತು, ಸ್ವಂತ ಬಹುಮತಕ್ಕೆ ಬೇಕಿದ್ದದ್ದು 272. ಸೋತವರಿಗೂ ಗೆದ್ದವರಿಗೂ ಒಂದೇ ದಿನ ದೇಶದ ಮೇಲೆ ಬೇಸರ ಬಂದದ್ದು ನಮ್ಮಲ್ಲಿ ಅಪರೂಪದ ರಾಷ್ಟ್ರೀಯ ಒಮ್ಮತ.

ಕಾಕಾನ ದುಃಖ ಸುಳ್ಳಲ್ಲ. ಆ ರಾತ್ರಿ ಅವರಿಗೆ ರೊಟ್ಟಿ ಸೇರುವುದಿಲ್ಲ. ಆದರೆ ಅವರು ಬೇಸರ ಮಾಡಿಕೊಂಡಿರುವ ‘ದೇಶ’ ಎಲ್ಲೂ ಸಿಗುವುದಿಲ್ಲ ಎಂಬುದು ನನ್ನ ವಾದ. ಇದಕ್ಕೆ ದಿಲ್ಲಿಯವರೆಗೆ ಹೋಗಬೇಕಿಲ್ಲ, ಜಿಲ್ಲೆಯ ಲೆಕ್ಕವೇ ಸಾಕು. ವಿಜಯಪುರ ಲೋಕಸಭಾ ಕ್ಷೇತ್ರದೊಳಗೆ ಎಂಟು ವಿಧಾನಸಭಾ ಕ್ಷೇತ್ರಗಳಿವೆ. 2023ರಲ್ಲಿ ಅವುಗಳ ಪೈಕಿ ಆರು ಕಾಂಗ್ರೆಸ್ಸಿಗೆ, ಒಂದು ಜನತಾದಳಕ್ಕೆ, ಒಂದು ಬಿಜೆಪಿಗೆ ಹೋದವು. ಹದಿಮೂರು ತಿಂಗಳೂ ಕಳೆದಿರಲಿಲ್ಲ, ಅದೇ ಎಂಟು ಕ್ಷೇತ್ರಗಳ ಮತದಾರರು ಬಿಜೆಪಿಯ ರಮೇಶ ಜಿಗಜಿಣಗಿಯವರನ್ನು 2009ರಿಂದ ಸತತ ನಾಲ್ಕನೇ ಸಲ ಲೋಕಸಭೆಗೆ ಕಳಿಸಿದರು. ವಿಜಯಪುರ ನಗರ ಬಿಜೆಪಿಯ ಬಸನಗೌಡ ಪಾಟೀಲ ಯತ್ನಾಳರನ್ನು ಗೆಲ್ಲಿಸಿದ 2023ರ ಚುನಾವಣೆಯಲ್ಲೇ, ಟಿಕೋಟಾವನ್ನೂ ಒಳಗೊಂಡ ಬಬಲೇಶ್ವರ ಕ್ಷೇತ್ರ ಕಾಂಗ್ರೆಸ್ಸಿನ ಎಂ.ಬಿ. ಪಾಟೀಲರನ್ನು ಗೆಲ್ಲಿಸಿತ್ತು. ನಡುವೆ ಇರುವುದು ಇಪ್ಪತ್ತು–ಇಪ್ಪತ್ತೈದು ಕಿಲೋಮೀಟರ್ ದಾರಿ. ಕಾಕಾನ ಮಾತನ್ನೇ ನಂಬುವುದಾದರೆ, ಮಂದಿ ವಿಜಯಪುರದಲ್ಲಿ ಬಸ್ ಹತ್ತುವಾಗ ಕೆಟ್ಟಿದ್ದು ಬಬಲೇಶ್ವರದಲ್ಲಿ ಇಳಿಯುವಷ್ಟರಲ್ಲಿ ಸುಧಾರಿಸಿರಬೇಕು. ಎದುರು ಬೆಂಚಿನ ಕಾಕಾನ ಪ್ರಕಾರ ಚೊಲೋ ಇದ್ದವರು ಅದೇ ಬಸ್ಸಿನಲ್ಲಿ ಕೆಟ್ಟಿರಬೇಕು. ಬಸ್ಸಿಗೆ ಅಷ್ಟು ಶಕ್ತಿ ಇದ್ದಂತಿಲ್ಲ.

‘ಅದು ಜಿಲ್ಲಾದ ಮಾತು, ದೇಶದ ಮಾತ ಬ್ಯಾರೆ’ ಎಂದು ಕಾಕಾ ಆಕ್ಷೇಪಿಸುತ್ತಾರೆ. ಆಗಲಿ, ದೇಶಕ್ಕೇ ಹೋಗೋಣ. 2024ರಲ್ಲಿ ಬಿಜೆಪಿಗೆ ಬಿದ್ದ ಮತ ನೂರಕ್ಕೆ 36.56, ಕಾಂಗ್ರೆಸ್ಸಿಗೆ 21.19. ಕ್ಷೇತ್ರಕ್ಕೊಬ್ಬರೇ ಗೆಲ್ಲುವ ನಮ್ಮ ಪದ್ಧತಿಯಲ್ಲಿ ಈ ಮತಗಳು ಸೀಟುಗಳಾಗುವಾಗ ಎಲ್ಲೋ ಹಿಗ್ಗುತ್ತವೆ, ಎಲ್ಲೋ ಕುಗ್ಗುತ್ತವೆ. ನೂರಕ್ಕೆ 36.56 ಮತ ಲೋಕಸಭೆಯಲ್ಲಿ ನೂರಕ್ಕೆ 44 ಸೀಟಾಯಿತು. ಮತದಾರರಲ್ಲಿ ಸುಮಾರು ಮೂರನೇ ಒಂದು ಭಾಗ ಬೂತಿನ ಕಡೆ ಸುಳಿಯಲೇ ಇಲ್ಲ. ಇಷ್ಟೆಲ್ಲ ಸೇರಿಸಿ ಕಲಸಿದ ಮೇಲೆ ಬಂದದ್ದಕ್ಕೆ ‘ದೇಶ ಹಿಂಗ ಹೇಳ್ತು’ ಎಂದು ಒಬ್ಬ ಮನುಷ್ಯನ ಬಾಯಿ ಹಚ್ಚುವುದು ಟಿವಿಯವರ ಹೊಟ್ಟೆಪಾಡು, ಕಾಕಾ ಅದನ್ನು ಪುಕ್ಕಟೆ ಮಾಡುತ್ತಾರೆ. ಈ ಚಟ ನಮ್ಮದಷ್ಟೇ ಅಲ್ಲ. 2016ರ ಜೂನ್ 23ರಂದು ಬ್ರಿಟನ್ನಿನಲ್ಲಿ ಮತ ಹಾಕಿದವರ ಪೈಕಿ ನೂರಕ್ಕೆ 51.9 ಮಂದಿ ಯುರೋಪ್ ಒಕ್ಕೂಟ ಬಿಡೋಣ ಎಂದರು, 48.1 ಮಂದಿ ಬೇಡ ಎಂದರು. ಮರುದಿನದಿಂದ ಲಂಡನ್ನಿನ ತುಂಬ ‘ಇದು ನನ್ನ ದೇಶವೇ ಅಲ್ಲ’ ಎನ್ನುವ ಕಾಕಾಗಳು. ಅವರ ಅಂಗೈಯಲ್ಲಿ ತಂಬಾಕು ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಕಾಕಾನ ಎರಡನೇ ಆಕ್ಷೇಪಣೆ ಹೆಚ್ಚು ಗಟ್ಟಿ. ‘ಮಂದಿ ರೊಕ್ಕಕ್ಕ ಓಟ ಮಾರ್ತಾರ, ಜಾತಿ ನೋಡಿ ಹಾಕ್ತಾರ. ಇಂಥವರ ಮ್ಯಾಲ ಬ್ಯಾಸರ ಆಗದ ಇನ್ನೇನ್ರಿ?’ ರೊಕ್ಕವೂ ಹರಿಯುತ್ತದೆ, ಜಾತಿಯ ಲೆಕ್ಕವೂ ನಡೆಯುತ್ತದೆ. ಇದನ್ನು ಅಲ್ಲಗಳೆಯುವವನು ಚುನಾವಣೆಯ ಹಿಂದಿನ ರಾತ್ರಿ ಈ ಸೀಮೆಯಲ್ಲಿ ಎಚ್ಚರ ಇರದವನು. ಆದರೆ ಕಾಕಾನ ಸಮಾಜಶಾಸ್ತ್ರಕ್ಕೆ ಋತುಮಾನವುಂಟು. ತಮ್ಮವರು ಗೆದ್ದ ವರ್ಷ ಅದೇ ಓಣಿ, ಅದೇ ಜಾತಿ, ಅದೇ ಕವರು ಎಲ್ಲ ಇದ್ದರೂ ಅವರ ಬಾಯಲ್ಲಿ ಬರುವುದು ‘ನಮ್ಮ ಮತದಾರ ಭಾಳ ಶಾಣ್ಯಾ’ ಎಂಬ ಮಾತು. ಸೋತ ವರ್ಷಕ್ಕೆ ಮಾತ್ರ ಹೊಂದುವ ಕಾರಣವನ್ನು ಕಾರಣ ಎನ್ನಲು ಬರುವುದಿಲ್ಲ.

ಹಾಗಾದರೆ ಯಾವ ಫಲಿತಾಂಶಕ್ಕೂ ಮನಸ್ಸು ಕೆಡಿಸಿಕೊಳ್ಳಬಾರದೇ? ಮೂರನೇ ಆಕ್ಷೇಪಣೆ ಇದು, ಮತ್ತು ಇದಕ್ಕೆ ನಗುತ್ತ ಉತ್ತರ ಹೇಳಿ ಜಾರಿಕೊಳ್ಳುವಂತಿಲ್ಲ. ಕೆಡಿಸಿಕೊಳ್ಳಬೇಕಾದ ಕಾಲಗಳು ಬಂದಿವೆ, ಬರುತ್ತವೆ. 1977ರಲ್ಲಿ ತುರ್ತು ಪರಿಸ್ಥಿತಿಯ ಸಿಟ್ಟಿಗೆ ಉತ್ತರ ಭಾರತ ಕಾಂಗ್ರೆಸ್ಸನ್ನು ಗುಡಿಸಿ ಹಾಕಿದಾಗ ಕರ್ನಾಟಕ 28ರಲ್ಲಿ 26 ಸೀಟನ್ನು ಅದೇ ಕಾಂಗ್ರೆಸ್ಸಿಗೆ ಕೊಟ್ಟಿತು. ಆಗಿನ ಕಾಕಾಗಳಲ್ಲಿ ಕೆಲವರಿಗೆ ದೇಶ ಕೆಟ್ಟಿತ್ತು, ಕೆಲವರಿಗೆ ಕರ್ನಾಟಕ. 1984ರ ಡಿಸೆಂಬರ್‌ನಲ್ಲಿ ಕಾಂಗ್ರೆಸ್ ನಮ್ಮ 28ರಲ್ಲಿ 24 ಸೀಟು ಗೆದ್ದಿತು. ರಾಜ್ಯವನ್ನು ಆಳುತ್ತಿದ್ದ ಜನತಾ ಪಕ್ಷಕ್ಕೆ ನಾಲ್ಕೇ ಉಳಿದವು. ದೇಶ ಮುಗಿಯಿತೆನ್ನಲು ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರಿಗಿಂತ ಹೆಚ್ಚಿನ ಹಕ್ಕು ಯಾರಿಗಿತ್ತು? ಅವರು ರಾಜೀನಾಮೆ ಕೊಟ್ಟು ಮತ್ತೆ ಅದೇ ಮಂದಿಯ ಮುಂದೆ ಹೋಗಿ ನಿಂತರು. 1985ರ ಮಾರ್ಚ್‌ನಲ್ಲಿ ವಿಧಾನಸಭೆಯ 224ರಲ್ಲಿ 139 ಸೀಟು ಜನತಾ ಪಕ್ಷಕ್ಕೆ ಬಂದವು. ಡಿಸೆಂಬರ್‌ನಲ್ಲಿ ಮಂದಿ ಕೆಟ್ಟಿದ್ದರೆ ಮಾರ್ಚ್‌ಗೆ ಯಾರು ಔಷಧ ಕೊಟ್ಟರು? ಮಂದಿ ಎರಡು ಪ್ರಶ್ನೆಗೆ ಎರಡು ಉತ್ತರ ಕೊಟ್ಟಿದ್ದರು. ಹೆಗಡೆಯವರು ಬೇಸರವನ್ನು ಕೆಲಸಕ್ಕೆ ಹಚ್ಚಿದರು, ನಮ್ಮ ಕಾಕಾ ಐದು ವರ್ಷದ ರಜೆಗೆ ಹಚ್ಚುತ್ತಾರೆ. ದೇಶವೇ ಮುಗಿದ ಮೇಲೆ ವಾರ್ಡಿನ ಗಟಾರದ ಬಗ್ಗೆ ಅರ್ಜಿ ಬರೆಯುವುದು ಯಾಕೆ, ಗ್ರಾಮಸಭೆಗೆ ಹೋಗುವುದು ಯಾಕೆ? ನಿರಾಶೆಗಿಂತ ಪುರುಸೊತ್ತಿನ ಹುದ್ದೆ ಇನ್ನೊಂದಿಲ್ಲ.

ಇಷ್ಟಾಗಿ ಕಾಕಾನ ಕೈಗಳು ಅವರ ಬಾಯಿಯನ್ನು ನಂಬುವುದಿಲ್ಲ. ಟಿಕೋಟಾದ ಕಾಕಾ ಜೂನ್ 4ರ ಮಧ್ಯಾಹ್ನ ದೇಶ ಮುಗಿಸಿ, ಸಂಜೆ ದ್ರಾಕ್ಷಿ ಪಡದೊಳಗೆ ಬಾಗಿಕೊಂಡು ನಡೆಯುತ್ತಿರುತ್ತಾರೆ. ಏಪ್ರಿಲ್‌ನಲ್ಲಿ ಸವರಿದ ಬಳ್ಳಿ ಅಕ್ಟೋಬರ್‌ನಲ್ಲಿ ಮತ್ತೆ ಸವರಲು ಹದಕ್ಕೆ ಬರಬೇಕು, ಫೆಬ್ರುವರಿ–ಮಾರ್ಚ್‌ನಲ್ಲಿ ಹಣ್ಣಾಗಬೇಕು, ಆಮೇಲೆ ಶೆಡ್ಡಿನಲ್ಲಿ ಒಣಗಿ ಮಣೂಕ ಆಗಬೇಕು. ಮುಗಿದುಹೋದ ದೇಶದಲ್ಲಿ ಮುಂದಿನ ವರ್ಷದ ಮಣೂಕಕ್ಕೆ ಏನು ರೇಟು ಸಿಗಬಹುದೆಂದು ಅವರು ಈಗಲೇ ವಿಚಾರಿಸುತ್ತಿದ್ದಾರೆ. ಅಕಾಲಿಕ ಮಳೆ ಹೊಡೆದರೆ ಅವರು ‘ಪಡಾ ಮುಗೀತ್ ಬಿಡ್ರಿ’ ಎಂದು ಬಳ್ಳಿ ಕೀಳುವುದಿಲ್ಲ. ಒಂದೊಂದೇ ಎಲೆ ತಿರುವಿ, ಅಡಿಗೆ ಬಿಳಿ ಬೂಷ್ಟು ಕೂತಿದೆಯೇ ಎಂದು ಕನ್ನಡಕ ಏರಿಸಿ ನೋಡುತ್ತಾರೆ. ಬಳ್ಳಿಗೆ ಸಿಗುವ ಈ ತಾಳ್ಮೆಯ ನಾಲ್ಕಾಣೆ ಪಾಲಾದರೂ ಓಣಿಯ ಮಂದಿಗೆ ಸಿಕ್ಕರೆ ಸಾಕು.

ಯಾಕೆಂದರೆ ಕೊನೆಯ ಲೆಕ್ಕ ತೀರ ಸಣ್ಣದು. 2024ರಲ್ಲಿ ವಿಜಯಪುರದಲ್ಲಿ ಜಿಗಜಿಣಗಿಯವರಿಗೆ 6,72,781 ಮತ, ಕಾಂಗ್ರೆಸ್ಸಿನ ರಾಜು ಆಲಗೂರರಿಗೆ 5,95,552. ಅಂತರ 77,229. ಅಂದರೆ 38,615 ಮಂದಿ ಬೇರೆ ಗುಂಡಿ ಒತ್ತಿದ್ದರೆ ಫಲಿತಾಂಶ ತಿರುಗುತ್ತಿತ್ತು. ಕ್ಷೇತ್ರದ ಸುಮಾರು ಎರಡು ಸಾವಿರ ಬೂತುಗಳಿಗೆ ಹಂಚಿದರೆ ಬೂತಿಗೆ ಇಪ್ಪತ್ತು ಮಂದಿಯೂ ಬರುವುದಿಲ್ಲ. ಸೋತ ಕಾಕಾ ಯಾರ ಮೇಲೆ ಬೇಸರ ಮಾಡಿಕೊಂಡರೋ ಆ ‘ದೇಶ’ ಈ ಇಪ್ಪತ್ತು ಮಂದಿ. ಗೆದ್ದ ಕಾಕಾ ಯಾವ ‘ಜನಾದೇಶ’ಕ್ಕೆ ಪೇಢೆ ಹಂಚಿದರೋ ಅದೂ ಇದೇ ಇಪ್ಪತ್ತು ಮಂದಿ. ಅವರು ಇಬ್ಬರಿಗೂ ಹೆಸರು ಹಿಡಿದು ಗೊತ್ತು, ಒಂದೇ ಲಗ್ನದ ಪಂಕ್ತಿಯಲ್ಲಿ ಪಕ್ಕಪಕ್ಕ ಕೂತು ಹುಗ್ಗಿ ಉಂಡವರು. ಹೋಗಿ ‘ಯಾಕಪಾ ತಮ್ಮಾ, ಹಿಂಗ್ಯಾಕ ಮಾಡಿದಿ?’ ಎಂದು ಕೇಳಬಹುದು. ಆದರೆ ಕೇಳಿದರೆ ಆ ತಮ್ಮ ಉತ್ತರ ಕೊಡುತ್ತಾನೆ, ಅದನ್ನು ಪೂರ್ತಿ ಕೇಳಿಸಿಕೊಳ್ಳಬೇಕಾಗುತ್ತದೆ, ಅದರಲ್ಲಿ ಎರಡು ಮಾತು ಖರೇನೂ ಇರಬಹುದು. ಆ ಉಸಾಬರಿಗಿಂತ ದೇಶ ಮುಗಿಸುವುದೇ ಸೋವಿ. ಚಹಾ ಆರುವುದರೊಳಗೆ ಆಗಿಬಿಡುತ್ತದೆ.