ಕಂಪ್ಯೂಟರ್ ಕೊಠಡಿಯ ಬೀಗದವರಿಗೆ

ಸರ್ಕಾರಿ ಪ್ರೌಢಶಾಲೆಯ ಕಂಪ್ಯೂಟರ್ ಕೊಠಡಿಯ ಬಾಗಿಲಲ್ಲಿ ವಿರಾಜಮಾನರಾಗಿರುವ ಮಾನ್ಯ ಬೀಗದವರ ಸನ್ನಿಧಾನಕ್ಕೆ ಗಣಿತ ಶಿಕ್ಷಕಿಯ ಸಾಷ್ಟಾಂಗ ನಮಸ್ಕಾರಗಳು.

ಮೊದಲು ಕೃತಜ್ಞತೆ ಸಲ್ಲಿಸುತ್ತೇನೆ. ತಮ್ಮ ಕಾವಲಿನಲ್ಲಿ ಒಂದು ಮಾನಿಟರೂ ಕಳುವಾಗಿಲ್ಲ. ಸ್ಟಾಕ್ ರಿಜಿಸ್ಟರಿನಲ್ಲಿ ಬರೆದದ್ದೆಲ್ಲ ಬರೆದ ಹಾಗೇ ಇದೆ. ಮಕ್ಕಳು ಮುಟ್ಟಿ ಏನಾದರೂ ಕೆಟ್ಟರೆ ಮುಖ್ಯೋಪಾಧ್ಯಾಯರು ಉತ್ತರ ಕೊಡಬೇಕು. ಯಾರೂ ಮುಟ್ಟದೆ ಧೂಳು ತಿಂದು ಕೆಟ್ಟರೆ ಕೇಳುವವರಿಲ್ಲ. ತಮ್ಮ ಬಲವಿರುವುದು ಕಬ್ಬಿಣದಲ್ಲಲ್ಲ, ಈ ಭಯದಲ್ಲಿ.

ತಾವು ದಯಾಮಯರೂ ಹೌದು. ವಿದ್ಯಾರ್ಥಿಗಳ ದಾಖಲೆಗೆ ಇಲಾಖೆ ಇಟ್ಟಿರುವ ಆನ್‌ಲೈನ್ ವ್ಯವಸ್ಥೆಯಾದ ಸ್ಯಾಟ್ಸ್‌ನಲ್ಲಿ ವಿವರ ತುಂಬಲು ಸುತ್ತೋಲೆ ಬಂದ ದಿನ ಕ್ಷಣವೂ ತಡಮಾಡದೆ ತೆರೆದುಕೊಳ್ಳುತ್ತೀರಿ. ಮಕ್ಕಳ ಹೆಸರು, ಜನ್ಮದಿನಾಂಕ ಎಲ್ಲವೂ ಒಳಗೆ ಹೋಗುತ್ತವೆ. ಮಕ್ಕಳು ಹೊರಗೇ ನಿಲ್ಲುತ್ತಾರೆ.

ಒಳಗೆ ಬಿಟ್ಟರೆ ಏನು ಮಾಡುತ್ತೇನೆಂದು ತಾವು ಕೇಳಬಹುದು. 9ನೇ ತರಗತಿಗೆ ವೃತ್ತಗಳ ಪಾಠವಿದೆ. ಅರ್ಧವೃತ್ತದಲ್ಲಿನ ಕೋನ ಲಂಬಕೋನ ಎಂದು ಹಲಗೆಯ ಮೇಲೆ ಒಂದು ಚಿತ್ರ ಬರೆದು ತೋರಿಸುತ್ತೇನೆ. ಮಕ್ಕಳು ಆ ಒಂದೇ ಚಿತ್ರವನ್ನು ಬಾಯಿಪಾಠ ಮಾಡುತ್ತಾರೆ. ಪರೀಕ್ಷೆಯಲ್ಲಿ ವೃತ್ತವನ್ನು ಸ್ವಲ್ಪ ತಿರುಗಿಸಿ ಕೊಟ್ಟರೆ ಕೈ ನಿಲ್ಲುತ್ತದೆ. ಜಿಯೋಜೀಬ್ರ ಎಂಬ ಗಣಿತದ ತಂತ್ರಾಂಶದಲ್ಲಿ ಹಾಗಲ್ಲ. ಕೋನದ ಶೃಂಗಬಿಂದುವನ್ನು ಮಗುವೇ ಹಿಡಿದು ವೃತ್ತದ ಮೇಲೆ ಎಳೆಯಬಹುದು. ಕೋನದ ಎರಡೂ ಬಾಹುಗಳು ಉದ್ದವಾಗುತ್ತವೆ, ಗಿಡ್ಡವಾಗುತ್ತವೆ, ಆ ಕೋನ ಮಾತ್ರ 90 ಡಿಗ್ರಿಯಲ್ಲೇ ಇರುತ್ತದೆ. ‘ಯಾಕೆ ಮಿಸ್?’ ಎಂಬ ಪ್ರಶ್ನೆ ಆಗ ಮಗುವಿನ ಬಾಯಿಂದಲೇ ಬರುತ್ತದೆ. ಆ ಪ್ರಶ್ನೆ ಬಂದ ಮೇಲೆ ಸಾಧನೆ ಬರೆಸುವುದು ನನ್ನ ಕೆಲಸ, ಅದಕ್ಕೆ ಹಲಗೆಯೇ ಸಾಕು. ಈ ತಂತ್ರಾಂಶಕ್ಕೆ ಶಾಲೆ ದುಡ್ಡು ಕೊಡಬೇಕಿಲ್ಲ, ಇಂಟರ್‌ನೆಟ್ ಇಲ್ಲದೆಯೂ ಅದು ನಡೆಯುತ್ತದೆ. ನನಗೆ ಕಲಿಸಿದ್ದು ಇಲಾಖೆಯದೇ ತರಬೇತಿ. ಕಲಿತು ಬಂದವಳನ್ನು ಬಾಗಿಲಲ್ಲಿ ತಡೆಯುವ ಗೌರವ ತಮ್ಮದು.

ತಮ್ಮ ಹಿರಿತನಕ್ಕೂ ನಮಿಸುತ್ತೇನೆ. ಪಾಠಕ್ಕೆಂದೇ ಎಜುಸ್ಯಾಟ್ ಉಪಗ್ರಹವನ್ನು 2004ರಲ್ಲಿ ಕಕ್ಷೆಗೆ ಕಳಿಸಿದ ದೇಶ ನಮ್ಮದು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಅದರಿಂದ ಪಾಠ ಬಂತು. ಶಾಲೆಗಳಿಗೆ ಕಂಪ್ಯೂಟರ್ ಕೊಡುವ ಕೇಂದ್ರದ ಐಸಿಟಿ ಯೋಜನೆ ಶುರುವಾದದ್ದೂ ಅದೇ ವರ್ಷ. ಎಷ್ಟೋ ಶಾಲೆಗಳಲ್ಲಿ ಯಂತ್ರದ ಜೊತೆ ಗುತ್ತಿಗೆಯ ಬೋಧಕರೂ ಬಂದರು. ಕಂಪ್ಯೂಟರ್ ಅವರ ವಿಷಯವಾಯಿತು. ಗಣಿತ, ವಿಜ್ಞಾನ, ಕನ್ನಡದ ಮೇಷ್ಟ್ರಿಗೆ ಅದು ಪರರ ಸ್ವತ್ತಾಯಿತು. ಗುತ್ತಿಗೆ ಮುಗಿದಾಗ ಬೋಧಕರು ಹೋದರು, ತಾವು ಉಳಿದಿರಿ.

ಪಠ್ಯಪುಸ್ತಕದ ಕ್ಯೂಆರ್ ಕೋಡ್ ಇದೆಯಲ್ಲ, ಮೊಬೈಲಿನಲ್ಲಿ ಪಾಠ ತೋರಿಸುವ ದೀಕ್ಷಾ ಇದೆಯಲ್ಲ ಎನ್ನಬೇಡಿ. ಮನೆಯಲ್ಲಿರುವ ಒಂದೇ ಮೊಬೈಲು ಅಪ್ಪನ ಜೇಬಿನಲ್ಲಿ ಕೂಲಿಗೆ ಹೋಗಿರುತ್ತದೆ. ಅಂಥ ಮಗುವಿಗೆ ಇರುವ ಕಂಪ್ಯೂಟರ್ ತಮ್ಮ ಹಿಂದಿರುವುದೊಂದೇ.

ಆದ್ದರಿಂದ ತಮ್ಮನ್ನು ಅಲ್ಲಿ ನಿಲ್ಲಿಸಿದವರಿಗೆ ದಯಮಾಡಿ ನನ್ನ ವಿನಂತಿ ತಲುಪಿಸಿ. ಕೀಲಿಕೈ ಶಿಕ್ಷಕರ ಕೊಠಡಿಯಲ್ಲಿರಲಿ. ಗಣಿತಕ್ಕೆ ವಾರಕ್ಕೆ ಎರಡು ಅವಧಿಯಾದರೂ ಆ ಕೊಠಡಿ ವೇಳಾಪಟ್ಟಿಯಲ್ಲಿ ಬರಲಿ. ಮಕ್ಕಳು ಬಳಸಿ ಸವೆದ ಕೀಬೋರ್ಡನ್ನು ಆಡಿಟ್‌ನವರು ನಷ್ಟವೆಂದು ಬರೆಯದಿರಲಿ. ವೃತ್ತಗಳ ಪಾಠ ಈ ತಿಂಗಳಲ್ಲೇ ಇದೆ.

ಇತಿ ತಮ್ಮ ವಿಧೇಯಳು,
ಗಣಿತ ಶಿಕ್ಷಕಿ