ಶುಷ್ಕಸಿದ್ಧಿ: ಸೈಕಲ್ಲೇರಿ ಕಚೇರಿಗೆ ಹೋಗುವವರ ಜಲಮೀಮಾಂಸೆ

ಸೈಕಲ್ ತುಳಿದು ಕಚೇರಿ ಸೇರಿದವರು ಬಸ್ಸಿನಲ್ಲಿ ಬಂದವರಂತೆ ಕಾಣುವ ಸ್ಥಿತಿಗೆ ಶುಷ್ಕಸಿದ್ಧಿ ಎಂದು ಹೆಸರು. ಕಾರಿನಲ್ಲಿ ಬಂದವರಂತೆ ಕಾಣುವುದು ಪರಮಸಿದ್ಧಿ. ಅದು ಈ ಪ್ರಬಂಧದ ವ್ಯಾಪ್ತಿಗೆ ಹೊರಗು. ಸಿದ್ಧಿಗೆ ಅಡ್ಡ ಬರುವುದು ನೀರು. ಕರ್ಮದಂತೆ ಅದೂ ಮೂರು ಬಗೆ. ಹಿಂದೆಯೇ ಸುರಿದು ರಸ್ತೆಯಲ್ಲೂ ಸೀಟಿನಲ್ಲೂ ಕೂಡಿಕೊಂಡದ್ದು ಸಂಚಿತ. ಈಗ ಸುರಿಯುತ್ತಿರುವ, ಅನುಭವಿಸಿಯೇ ತೀರಬೇಕಾದ ಮಳೆ ಪ್ರಾರಬ್ಧ. ತುಳಿಯುವ ಕ್ರಿಯೆಯಿಂದಲೇ ಹುಟ್ಟಿ ಮುಂದೆ ಫಲ ಕೊಡುವುದು ಆಗಾಮಿ, ಅರ್ಥಾತ್ ಬೆವರು.

ಇವುಗಳ ಪ್ರಮಾಣ ದೇಶಕಾಲಗಳಿಗೆ ಅಧೀನ. ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ ಬೀಳುವ ಮಂಗಳೂರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರಾರಬ್ಧಕ್ಕೆ ಹೊತ್ತುಗೊತ್ತಿಲ್ಲ. 1,000 ಮಿ.ಮೀ. ಆಸುಪಾಸಿನ ಬೆಂಗಳೂರಿನಲ್ಲಿ ಜೋರು ಮಳೆ ಹೆಚ್ಚಾಗಿ ಮಧ್ಯಾಹ್ನ ಕಳೆದ ಮೇಲೆ. ಅಲ್ಲಿಯ ಸವಾರ ತೊಯ್ದು ತೊಪ್ಪೆಯಾಗುವುದು ಮನೆಗೆ ಮರಳುವಾಗ. ಆಗ ನೋಡುವವರು ಮನೆಯವರು, ಅವರಿಗೆ ಆ ದರ್ಶನ ಹೊಸದಲ್ಲ. ಬೆಳಗಿನ ಹೊತ್ತು ಮಾನ ಕಳೆಯುವುದು ಬೆವರು. ಆದರೂ ರೇನ್‌ಕೋಟಿಗೆ ಸಿಗುವ ಗೌರವ ಕರವಸ್ತ್ರಕ್ಕೆ ಸಿಗುತ್ತಿಲ್ಲ. ಈ ವೈಪರೀತ್ಯವೇ ಪ್ರಸ್ತುತ ಪ್ರಬಂಧಕ್ಕೆ ಪ್ರೇರಣೆ.

ಸಂಚಿತ ಪ್ರಕರಣ

ಉರುಳುವ ಟೈರು ತನಗಂಟಿದ ನೀರನ್ನು ಸ್ಪರ್ಶರೇಖೆಯಗುಂಟ ಎಸೆಯುತ್ತದೆ ಎಂಬುದು ಹೈಸ್ಕೂಲಿನ ಪಾಠ. ಮಡ್‌ಗಾರ್ಡ್ ಇಲ್ಲದ ಗೇರ್ ಸೈಕಲ್ಲಿನವರು ಇದನ್ನು ಬೆನ್ನ ಮೇಲೆ ಬರೆಸಿಕೊಂಡೇ ಬರುತ್ತಾರೆ: ಸೊಂಟದಿಂದ ಕುತ್ತಿಗೆಯವರೆಗೆ ಕೆಸರಿನ ಒಂದು ಗೀಟು, ಬರೆಸಿಕೊಂಡವರ ಹೊರತು ಮಿಕ್ಕೆಲ್ಲರಿಗೂ ಕಾಣುವಂಥದ್ದು. ಪೂರ್ವಿಕರ ಕಪ್ಪು ಸೈಕಲ್ಲಿಗೆ ಮಡ್‌ಗಾರ್ಡು, ಚೈನ್ ಕವರು, ಕ್ಯಾರಿಯರು ಮೂರೂ ಇದ್ದವು. ನಾಗರಿಕತೆಯು ತೂಕ ಇಳಿಸುವ ಭರದಲ್ಲಿ ಮೂರನ್ನೂ ಕಳಚಿ, ಈಗ ಬಿಡಿಬಿಡಿಯಾಗಿ ಮಾರುತ್ತಿದೆ.

ಸೀಟಿನ ಸಂಚಿತ ಇನ್ನೂ ಗೂಢ. ರಾತ್ರಿ ಮಳೆಯಲ್ಲಿ ನಿಂತ ಸೈಕಲ್ಲಿನ ಸೀಟು ಒರೆಸಿದೊಡನೆ ಒಣಗಿದಂತೆ ತೋರುತ್ತದೆ. ಹೊಲಿಗೆಯ ಸಂದಿನಿಂದ ಇಳಿದ ನೀರು ಮಾತ್ರ ಸ್ಪಂಜಿನೊಳಗೆ ಕಾದು ಕೂತಿದ್ದು, ಸವಾರರ ತೂಕಕ್ಕೆ ತಕ್ಕಂತೆ ಮೇಲೆದ್ದು ಪ್ಯಾಂಟು ಸೇರುತ್ತದೆ. ಕಲೆ ಮೂಡುವ ಜಾಗ ಸಹೋದ್ಯೋಗಿಗಳಲ್ಲಿ ಅನ್ಯಾಯದ ಅನುಮಾನ ಹುಟ್ಟಿಸುವಂಥದ್ದು. ಸೀಟಿಗೆ ಪ್ಲಾಸ್ಟಿಕ್ ಕವರ್ ಕಟ್ಟುವುದೇ ಪರಿಹಾರ. ಕರ್ನಾಟಕದಲ್ಲಿ 2016ರಲ್ಲಿ ನಿಷೇಧಗೊಂಡ ಪ್ಲಾಸ್ಟಿಕ್ ಚೀಲಗಳಲ್ಲಿ ಅಳಿದುಳಿದವು ಸೈಕಲ್ ಸೀಟುಗಳ ಮೇಲೆ ಅಜ್ಞಾತವಾಸದಲ್ಲಿವೆ.

ಪ್ರಾರಬ್ಧ ಪ್ರಕರಣ

ದೊಡ್ಡ ಮಳೆಹನಿ ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ಬೀಳುತ್ತದೆ. ಗಂಟೆಗೆ 18 ಕಿ.ಮೀ. ಹೋಗುವ ಸವಾರ ಸೆಕೆಂಡಿಗೆ 5 ಮೀಟರಿನಂತೆ ಅದಕ್ಕೆ ಎದುರಾಗುತ್ತಾನೆ. ಹೀಗಾಗಿ ನೆಟ್ಟಗೆ ಬೀಳುವ ಮಳೆಯೂ ಅವನ ಪಾಲಿಗೆ ಓರೆ. ಎದೆ, ತೊಡೆಗಳಿಗೆ ಮೊದಲ ಅಭಿಷೇಕ. ಇದನ್ನು ಎದುರಿಸುವಲ್ಲಿ ಮೂರು ಪಂಥಗಳಿವೆ. ಕಾಯುವಾದಿಗಳು ಫ್ಲೈಓವರಿನ ಕೆಳಗೆ ನಿಂತು, ಒಣಗಿದವರಾಗಿಯೇ, ಹಾಜರಿ ಪುಸ್ತಕ ಒಳಗೆ ಹೋದ ಮೇಲೆ ತಲುಪುತ್ತಾರೆ. ನೆನೆವಾದಿಗಳು ಚಡ್ಡಿಯಲ್ಲಿ ನೆನೆದೇ ಬಂದು, ಕವರಿನಲ್ಲಿ ಕಟ್ಟಿ ತಂದ ಬಟ್ಟೆ ತೊಡುತ್ತಾರೆ. ದರ್ಶನ ನಿರ್ದುಷ್ಟವೇ, ಒಳಉಡುಪು ಮರೆತ ದಿನ ಸಿದ್ಧಾಂತವೆಲ್ಲ ಕುಸಿಯುತ್ತದೆ.

ಕೋಟುವಾದಿಗಳ ಮೂಲಪುರುಷ ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷ್. ಎರಡು ಪದರ ಬಟ್ಟೆಯ ನಡುವೆ ರಬ್ಬರ್ ಬಳಿದು 1823ರಲ್ಲಿ ಪೇಟೆಂಟ್ ಪಡೆದ. ಮಳೆ ಒಳಗೆ ಬರಲಿಲ್ಲ, ಬೆವರು ಹೊರಗೆ ಹೋಗಲಿಲ್ಲ. 1969ರಲ್ಲಿ ಅಮೆರಿಕದ ಬಾಬ್ ಗೋರ್ ಹನಿಯನ್ನು ತಡೆದು ಆವಿಯನ್ನು ಬಿಡುವ ಪೊರೆಗೆ ದಾರಿ ಮಾಡಿದ. ಹೊರಗಿನ ಗಾಳಿಯೇ ತೇವ ತುಂಬಿ ನಿಂತಿರುವಾಗ ಆವಿಗೆ ಹೊರಡುವ ಆತುರವಿರುವುದಿಲ್ಲ. ಮಲೆನಾಡಿನ ಗೊರಬು ಇದನ್ನು ಎಂದೋ ಬಗೆಹರಿಸಿತ್ತು. ಬಿದಿರು, ಎಲೆಗಳಿಂದ ಹೆಣೆದ ಇದು ನಾಟಿ ಮಾಡುವವರ ಬಗ್ಗಿದ ಬೆನ್ನನ್ನು ಮುಚ್ಚಿ ಎದೆಯನ್ನು ಗಾಳಿಗೆ ಬಿಡುತ್ತದೆ. ಸೈಕಲ್ ಸವಾರರ ಬೆನ್ನೂ ಬಗ್ಗಿದ್ದೇ. ಆದರೆ ಗಂಟೆಗೆ 18 ಕಿ.ಮೀ. ವೇಗದಲ್ಲಿ ಯಾರೂ ನಾಟಿ ಮಾಡದ ಕಾರಣ ಗೊರಬು ಎದುರುಗಾಳಿಯ ಪರೀಕ್ಷೆಗೆ ಕೂತಿಲ್ಲ.

ಆಗಾಮಿ ಪ್ರಕರಣ

ಸ್ನಾಯುಗಳು ಖರ್ಚು ಮಾಡುವ ಶಕ್ತಿಯಲ್ಲಿ ಪೆಡಲಿಗೆ ಮುಟ್ಟುವುದು ಹೆಚ್ಚೆಂದರೆ ಕಾಲುಭಾಗ, ಉಳಿದದ್ದು ಶಾಖ. ಸಾಗುತ್ತಿರುವಷ್ಟು ಹೊತ್ತು ಗಾಳಿ ಬೆವರನ್ನು ಆರಿಸುತ್ತದೆ, ಸವಾರ ತಾನು ಗೆದ್ದೆನೆಂದೇ ಬಗೆಯುತ್ತಾನೆ. ಸ್ಟ್ಯಾಂಡ್ ಹಾಕಿದೊಡನೆ ಗಾಳಿ ನಿಲ್ಲುತ್ತದೆ, ಮೈಯ ಕಾವು ನಿಲ್ಲುವುದಿಲ್ಲ. ಫಲ ಪ್ರಕಟವಾಗುವ ಕ್ಷೇತ್ರ ಲಿಫ್ಟು. ಮೂರನೆಯ ಮಹಡಿ ದಾಟುವಷ್ಟರಲ್ಲಿ ಕಿವಿಯ ಹಿಂದಿನಿಂದ ಹೊರಟ ಹನಿ ಕಾಲರಿಗಿಳಿಯುತ್ತದೆ. “ಹೊರಗೆ ಮಳೆ ಬರ್ತಿದೆಯಾ ಸಾರ್?” ಎಂದು ಪಕ್ಕದವರು ಕೇಳುತ್ತಾರೆ. ಹೊರಗೆ ರಣಬಿಸಿಲು.

ಬೂದು ಮತ್ತು ತಿಳಿನೀಲಿ ಅಂಗಿಗಳು ಈ ವಿಷಯದಲ್ಲಿ ಚಾಡಿಕೋರರು. ಬಿಳಿ ಮತ್ತು ಕಡುನೀಲಿ ಗುಟ್ಟು ಕಾಯುತ್ತವೆ. ಚೀಲವನ್ನು ಬೆನ್ನಿಗೇರಿಸಿದರೆ ಅದರದೇ ಆಕಾರದ ಒದ್ದೆ ನಕಾಶೆ ಮೂಡುವುದರಿಂದ ಅದಕ್ಕೆ ಕ್ಯಾರಿಯರೇ ಸ್ಥಾನ. ಹೊಸ ಬೆವರಿಗೆ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ವಾಸನೆ ಚರ್ಮದ ಬ್ಯಾಕ್ಟೀರಿಯಾಗಳ ಕೃತಿ. ಆದ್ದರಿಂದ ಹೊರಡುವ ಮುನ್ನ ಸ್ನಾನ, ತಲುಪಿದ ಮೇಲೆ ಒದ್ದೆ ಬಟ್ಟೆಯ ಒರೆಸು ವಿಹಿತ.

ಮುಖ್ಯ ಪರಿಹಾರ ನಿಧಾನ. ಗಾಳಿಯ ತಡೆಗೆ ಸಲ್ಲಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 20 ಕಿ.ಮೀ.ನಿಂದ 15ಕ್ಕೆ ಇಳಿದರೆ ಆ ಖರ್ಚು ಅರ್ಧಕ್ಕಿಂತ ಕೆಳಗೆ ಬರುತ್ತದೆ. 8 ಕಿ.ಮೀ. ದಾರಿಗೆ ಇದರಿಂದ ಆಗುವ ತಡ 8 ನಿಮಿಷ. ವೇಗವಾಗಿ ಬಂದವರು ಅದೇ 8 ನಿಮಿಷವನ್ನು ಫ್ಯಾನಿನ ಕೆಳಗೆ ಅಂಗಿಯ ಗುಂಡಿ ಬಿಚ್ಚಿ ಕಳೆಯುತ್ತಾರೆ.

ಶೇಷ ಪ್ರಕರಣ

ಚೈನು ಬಲಗಡೆ ಇರುವುದರಿಂದ ಗ್ರೀಸಿನ ಕಲೆ ಪ್ಯಾಂಟಿನ ಬಲಗಾಲಿಗೇ ಮೀಸಲು. ರಬ್ಬರ್ ಬ್ಯಾಂಡ್ ಸಾಕು. ಸೀರೆ, ದುಪಟ್ಟಾಗಳಿಗೆ ಲೇಡೀಸ್ ಸೈಕಲ್ಲಿನ ಹಿಂಚಕ್ರದ ಜಾಲರಿಯೇ ಕಾವಲು. ಒದ್ದೆ ಬೂಟಿಗೆ ಹಳೆಯ ಪತ್ರಿಕೆ ತುರುಕಬೇಕು. ಹೀರುವ ಶಕ್ತಿಯಲ್ಲಿ ಸಂಪಾದಕೀಯಕ್ಕೂ ಸಿನಿಮಾ ಸುದ್ದಿಗೂ ಭೇದವಿಲ್ಲ. ನುಣುಪು ಕಾಗದದ ಪುರವಣಿ ಮಾತ್ರ ನಿಷ್ಪ್ರಯೋಜಕ. ಹೆಲ್ಮೆಟ್ಟಿನಿಂದ ಚಪ್ಪಟೆಯಾದ ಕೂದಲಿಗೆ ಬಾಚಣಿಗೆಯಾಚೆ ಶಾಸ್ತ್ರದಲ್ಲಿ ಏನೂ ಇಲ್ಲ.

ಕಚೇರಿಯಲ್ಲೊಂದು ಬಚ್ಚಲು, ಬಟ್ಟೆ ಹರವಲು ಒಂದು ಹಗ್ಗ, ಒಂದು ಟವೆಲ್ ಇದ್ದರೆ ಮೇಲಿನ ನಾಲ್ಕೂ ಪ್ರಕರಣಗಳು ಅನಗತ್ಯ. ಇವುಗಳಲ್ಲಿ ಟವೆಲ್ ಸರ್ಕಾರಿ ಕಚೇರಿಗಳಲ್ಲಿ ಈಗಾಗಲೇ ಲಭ್ಯ; ಕಾರಿನಲ್ಲಿ ಬರುವ ಸಾಹೇಬರ ಕುರ್ಚಿಯ ಬೆನ್ನಿಗೆ ಅದನ್ನು ಹೊದಿಸಲಾಗಿದೆ.