ಎರಡನೇ ದುರ್ಯೋಧನ

ನಾಟಕದ ಕರಪತ್ರ ಅಚ್ಚಾಗಿ ಬಂದ ದಿನ ನಮ್ಮ ಕಡೆ ಯಾರೂ ಮೊದಲು ನಾಟಕದ ಹೆಸರು ಓದುವುದಿಲ್ಲ. ಅದು ಗೊತ್ತಿದ್ದದ್ದೇ, ಕುರುಕ್ಷೇತ್ರ. ಬೆರಳು ಸರ್ರನೆ ಕೆಳಗಿಳಿದು ಉದ್ಘಾಟನೆ, ಜ್ಯೋತಿ ಬೆಳಗುವವರು, ಘನ ಉಪಸ್ಥಿತಿ ಎಲ್ಲವನ್ನೂ ದಾಟಿ ಗೌರವ ಸದಸ್ಯರ ಪಟ್ಟಿಯಲ್ಲಿ ನಿಲ್ಲುತ್ತದೆ. ಅಲ್ಲಿ ಮೂರನೆಯ ಹೆಸರು ಅವರದು. ಮೂರನೆಯದು ಯಾಕೆ, ಮೊದಲನೆಯದು ಯಾಕಲ್ಲ ಎಂದು ಅವರು ತಕರಾರು ತೆಗೆದರೆ ಆ ವರ್ಷದ ನಾಟಕ ಶುರುವಾಯಿತು ಅಂತಲೇ ಲೆಕ್ಕ.

ಅವರ ನಿಜವಾದ ಹೆಸರು ಬೇಡ. ಊರಿಗೂ ಅದು ರೇಷನ್ ಕಾರ್ಡಿಗೆ ಬಿಟ್ಟರೆ ಬೇರೆಲ್ಲೂ ಬೇಕಾಗಿಲ್ಲ. ದೊಡ್ಡವರಿಗೆ ಅವರು ದುರ್ಯೋಧನ, ಹುಡುಗರಿಗೆ ದುರ್ಯೋಧನ ದೊಡ್ಡಪ್ಪ. ಮನೆಯಾಕೆಯನ್ನು ಭಾನುಮತಿ ಎನ್ನಲು ಮಾತ್ರ ಯಾರಿಗೂ ಧೈರ್ಯ ಸಾಲದು. ನಮ್ಮ ಸಿಂಧಘಟ್ಟ ಬಿಟ್ಟು ಶೀಳನೆರೆ, ಬೂಕನಕೆರೆ, ಕಿಕ್ಕೇರಿ ಯಾವ ಕಡೆಯ ಅರಳಿಕಟ್ಟೆಗೆ ಹೋದರೂ ಇಂಥವರೊಬ್ಬರು ಸಿಕ್ಕೇ ಸಿಕ್ಕುತ್ತಾರೆ. ಒಂದೂರಲ್ಲಿ ಕರ್ಣ, ಇನ್ನೊಂದೂರಲ್ಲಿ ಶಕುನಿ, ಅಷ್ಟೇ.

ಗೊರೂರಿನ ಅಣೆಕಟ್ಟೆ ಮುಗಿದದ್ದು 1979ರಲ್ಲಿ. ಹೇಮಾವತಿ ನಾಲೆಯ ನೀರು ಕೆ.ಆರ್. ಪೇಟೆ ಸೀಮೆ ಮುಟ್ಟುವುದಕ್ಕೆ ಮುಂಚೆಯೇ ತಾವು ತೊಡೆ ಮುರಿಸಿಕೊಂಡವರು ಎಂಬುದು ದೊಡ್ಡಪ್ಪನ ಕಾಲಗಣನೆ. ಪಾತ್ರ ಮಾಡಿದ್ದು ಎರಡೇ ರಾತ್ರಿ. ಅಲ್ಲಿಂದೀಚೆಗೆ ಆ ಎರಡು ರಾತ್ರಿಯ ಬಡ್ಡಿಯಲ್ಲೇ ಬದುಕಿದ್ದಾರೆ. ಮನೆಯಲ್ಲಿ ಆಲು, ಅಣ್ಣು ಎನ್ನುವ ಅದೇ ಬಾಯಿ ಹಸ್ತಿನಾವತಿ ಎನ್ನುವಾಗ ಹೊಕ್ಕುಳಿಂದ ಉಸಿರೆಳೆದು ಹಕಾರ ತರುತ್ತಿತ್ತಂತೆ. ಹಾಗೆಂದು ಅವರೇ ಹೇಳುತ್ತಾರೆ.

ನಮ್ಮ ನಾಟಕ ಸಂಘಕ್ಕೆ ಈಗ ಬಂದಿರುವ ಕಾರ್ಯದರ್ಶಿ ಮೈಸೂರಿನ ಕಾರ್ಖಾನೆಯೊಂದಕ್ಕೆ ಹೋಗಿಬರುವ ಹುಡುಗ. ಲೆಕ್ಕ ಅಂದರೆ ಲೆಕ್ಕ. 1960ರ ಸಂಘಗಳ ನೋಂದಣಿ ಕಾಯ್ದೆಯಂತೆ ವರ್ಷವರ್ಷವೂ ಲೆಕ್ಕಪತ್ರ, ಆಡಳಿತ ಮಂಡಳಿಯ ಪಟ್ಟಿ ಸಲ್ಲಿಸಬೇಕಲ್ಲ, ಅದೇ ನೆಪದಲ್ಲಿ ಸದಸ್ಯರ ಪುಸ್ತಕವನ್ನೂ ಜಾಲಿಸೋಣ ಎಂದು ಹೊರಟ. ಗೌರವ ಸದಸ್ಯರೇ ಹನ್ನೊಂದು ಜನ. ಇವರಲ್ಲಿ ಸಕ್ರಿಯರು ಯಾರು? ಒಬ್ಬರು ಬೆಂಗಳೂರಿನಲ್ಲಿದ್ದಾರೆ, ನಾಟಕದ ರಾತ್ರಿ ಬಂದು ಭಾಮೈದನಿಗೆ ನೋಟಿನ ಹಾರ ಹಾಕಿ, ತಮ್ಮ ಹೆಸರು ಮೈಕಿನಲ್ಲಿ ಎರಡು ಸಲ ಕೇಳಿಸಿಕೊಂಡು ಕಾರು ಹತ್ತುತ್ತಾರೆ. ಇನ್ನೊಬ್ಬರು ಸೀನರಿ ತರಲು ಟ್ರ್ಯಾಕ್ಟರ್ ಕೊಡುತ್ತಾರೆ, ಡೀಸೆಲ್ ನಮ್ಮದು. ಇವರೆಲ್ಲ ಹೇಗೋ ಪಾಸಾದರು. ಸಿಕ್ಕಿಕೊಂಡವರು ದುರ್ಯೋಧನರು.

"ದೊಡ್ಡಪ್ಪ, ವರ್ಸದ ಚಂದಾ?"

"ಗೌರವ ಸದಸ್ಯರ ತಾವ ಚಂದಾ ಕೇಳ್ತಾರೇನ್ಲಾ? ದುಡ್ಡು ಕೊಟ್ ಮ್ಯಾಲೆ ಅದ್ಯಾವ ಸೀಮೆ ಗೌರವ ಕನ್ಲಾ?"

"ಪ್ರಾಕ್ಟೀಸ್‌ಗೂ ಬರಕಿಲ್ವಲ್ಲ ನೀವು."

"ನಾನ್ಯಾಕ್ಲಾ ಬರ್ಲಿ? ನಮ್ಮನೆ ಜಗಲಿ ಮ್ಯಾಲೇ ಕೇಳುಸ್ತದೆ. ನಿನ್ನೆ ನಿಮ್ಮ ಭೀಮ ಎರಡ್ ಕಡೆ ಸ್ರುತಿ ಬಿಟ್ಟ. ಅವನ್ಗೆ ಅಕಾರ ಬೇರೆ ಬರಕಿಲ್ಲ." (ಹಕಾರ ಎಂದು ಓದಿಕೊಳ್ಳಬೇಕು.)

ಹಾರ್ಮೋನಿಯಂ ಮೇಷ್ಟ್ರು ತಲೆ ತಗ್ಗಿಸಿ ಎಲೆಗೆ ಸುಣ್ಣ ಹಚ್ಚತೊಡಗಿದರು. ಎರಡೇ ಕಡೆ ಎಂದದ್ದು ದೊಡ್ಡಪ್ಪನ ಔದಾರ್ಯ ಎಂದು ಅವರಿಗೆ ಗೊತ್ತು.

ಹುಡುಗ ಬಿಡಲಿಲ್ಲ. ಪಾತ್ರದ ದುಡ್ಡಾದರೂ ಕಟ್ಟಿದವರನ್ನು ಸಕ್ರಿಯರೆನ್ನೋಣ ಎಂದ. ಹೊರಗಿನವರಿಗೆ ಈ ದುಡ್ಡಿನ ವಿಷಯ ಬಿಡಿಸಿ ಹೇಳಬೇಕು. ನಮ್ಮಲ್ಲಿ ನಟನಿಗೆ ಸಂಬಳವಿಲ್ಲ, ನಟನೇ ದುಡ್ಡು ಕಟ್ಟಿ ಪಾತ್ರ ಹಿಡಿಯಬೇಕು. ಮೇಷ್ಟ್ರಿಗೆ, ಸೀನರಿಗೆ, ದ್ರೌಪದಿ ಕುಂತಿಯರಾಗಿ ಹೊರಗಿಂದ ಬರುವ ಕಲಾವಿದೆಯರಿಗೆ ಮತ್ತೆಲ್ಲಿಂದ ತರುವುದು? ಕೃಷ್ಣನ ಪಾತ್ರ ದುಬಾರಿ. ಒಬ್ಬರ ಜೇಬಿಗೆ ನಿಲುಕದೆ ಒಂದನೇ ಕೃಷ್ಣ, ಎರಡನೇ ಕೃಷ್ಣ ಎಂದು ಹರಿದು ಹಂಚುತ್ತೇವೆ. ಒಬ್ಬ ಸಂಧಾನಕ್ಕೆ ಹೋಗುತ್ತಾನೆ, ಇನ್ನೊಬ್ಬ ಗೀತೆ ಹೇಳುತ್ತಾನೆ. ಮೈಬಣ್ಣ, ಮೈಗಾತ್ರ ಹೊಂದಲಿಲ್ಲ ಎಂದು ಅರ್ಜುನ ಯಾವತ್ತೂ ಆಕ್ಷೇಪಿಸಿದ್ದಿಲ್ಲ.

ದೊಡ್ಡಪ್ಪ ಎದ್ದು ನಿಂತರು. "ಗುಬ್ಬಿ ಕಂಪ್ನಿಯೋರು ಕುರುಕ್ಸೇತ್ರುಕ್ಕೆ ನಿಜವಾದ ಆನೆ ತಂದಿದ್ರು. ಆನೆ ದುಡ್ ಕಟ್ಟಿತ್ತೇನ್ಲಾ?" ಸಭೆ ಬಾಯಿ ಮುಚ್ಚಿತು. ಆನೆಯ ಮಾತು ನಿಜ. 1884ರಲ್ಲಿ ಹುಟ್ಟಿದ ಆ ಕಂಪನಿ ರಂಗದ ಮೇಲೆ ಆನೆ ಕುದುರೆಗಳನ್ನೇ ನಡೆಸಿದ್ದನ್ನು ನಮ್ಮ ಅಜ್ಜಂದಿರ ಕಾಲದವರು ಮಾತಾಡಿ ದಣಿದಿರಲಿಲ್ಲ. ಅಷ್ಟಕ್ಕೇ ಬಿಡದೆ ದೊಡ್ಡಪ್ಪ ಹೊಸಹೊಳಲಿಗೂ ಹೋದರು. ಹೊಯ್ಸಳರ ಲಕ್ಷ್ಮೀನಾರಾಯಣ ಗುಡಿ ನಮ್ಮೂರಲ್ಲೂ ಇದೆ. ಆದರೆ ಅವರ ವಾದಕ್ಕೆ ಬೇಕಾದ ಸಾಕ್ಷಿಗಳು ಹೊಸಹೊಳಲಿನಲ್ಲಿ, ಅಲ್ಲಿಯ 13ನೆಯ ಶತಮಾನದ ಗುಡಿಯ ಬುಡದ ಸುತ್ತ, ಮಹಾಭಾರತದ ಕಥೆ ಹೇಳುವ ಕಲ್ಲಿನ ಪಟ್ಟಿಕೆಯಲ್ಲಿವೆ. "ಅವ್ರು ಚಂದಾ ಕೊಟ್ರಾ? ಪ್ರಾಕ್ಟೀಸ್ಗೆ ಬಂದ್ರಾ? ನಿಂತ್ ಜಾಗದಲ್ಲೇ ನಿಂತವ್ರೆ. ಅವ್ರುನ್ನೂ ಪಟ್ಟೀಲಿ ಹೊಡ್ದಾಕ್ಬುಡು, ಹೋಗು!" ಕಲ್ಲಿನವರು ಮೂರನೇ ಹೆಸರಿಗೆ ಮುನಿಸಿಕೊಳ್ಳುವುದಿಲ್ಲ ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ವಿಷಯ ಮುಂದಿನ ಸಭೆಗೆ ಹೋಯಿತು.

ನಾಟಕದ ದಿನ ಸಂಜೆ ಆರಕ್ಕೇ ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯೊಂದರ ಮೇಲೆ ದೊಡ್ಡಪ್ಪನ ಟವೆಲ್ ಬಿತ್ತು. ಒಂಬತ್ತಕ್ಕೆಂದ ನಾಟಕ ಭಾಷಣ, ಸನ್ಮಾನ, ಶಾಲು ಮುಗಿದು ಹನ್ನೊಂದಕ್ಕೆ ಎದ್ದಿತು. ಈಗಿನ ದುರ್ಯೋಧನ ಬೆಂಗಳೂರಿನಲ್ಲಿ ಕ್ಯಾಬ್ ಓಡಿಸುವವನು, ಶನಿವಾರ ಶನಿವಾರ ಬಂದು ಕಲಿತದ್ದು. ಮೊದಮೊದಲು ಚೆನ್ನಾಗಿಯೇ ಅಬ್ಬರಿಸಿದ. ಬೆಳಗಿನ ಜಾವ ನಾಲ್ಕಕ್ಕೆ ವೈಶಂಪಾಯನ ಸರೋವರ ಬಂತು, ಅಂದರೆ ಇಬ್ಬರು ಹುಡುಗರು ಎರಡು ಕಡೆ ಹಿಡಿದು ಅಲ್ಲಾಡಿಸುವ ನೀಲಿ ಸೀರೆ. ಅದರ ಹಿಂದೆ ಅಡಗಿದ್ದವನನ್ನು ಭೀಮ ಮೂದಲಿಸಿ ಕರೆದ. ದುರ್ಯೋಧನ ಎದ್ದ. ಮೀಸೆ ತಿರುವಿದ. ಮತ್ತೊಮ್ಮೆ ತಿರುವಿದ. ಮಾತು ಮರೆತುಹೋಗಿತ್ತು. ಸೈಡ್‌ವಿಂಗಿನಲ್ಲಿ ಮಾತು ಎತ್ತಿಕೊಡಬೇಕಾದವನು ಪುಸ್ತಕವನ್ನೇ ದಿಂಬು ಮಾಡಿಕೊಂಡಿದ್ದ. ಊರಿಗೆ ಊರೇ ಚಾಪೆಯ ಮೇಲೆ ಮಲಗಿತ್ತು.

ಎಚ್ಚರವಿದ್ದವರು ದೊಡ್ಡಪ್ಪ ಒಬ್ಬರೇ. ಕೂತಲ್ಲಿಂದಲೇ ಆ ಮಾತು ಎತ್ತಿಕೊಟ್ಟರು. ಕೊಟ್ಟು ಸುಮ್ಮನಾಗಿದ್ದರೆ ಮುಗಿಯುತ್ತಿತ್ತು. ಹಕಾರ ಹೊಕ್ಕುಳಿಂದ ಹೊರಟಿತ್ತು ನೋಡಿ, ನಿಲ್ಲಲಿಲ್ಲ. ಟವೆಲ್ ಹೆಗಲಿಗೇರಿತು, ಕುರ್ಚಿ ಹಿಂದಕ್ಕೆ ಬಿತ್ತು. ಮೇಲಿದ್ದ ದುರ್ಯೋಧನ ಬಾಯಿ ಮಾತ್ರ ಆಡಿಸುತ್ತಿದ್ದ, ದನಿ ಕೆಳಗಿನದು. ಮೇಷ್ಟ್ರು ನಿದ್ದೆಗಣ್ಣಲ್ಲೇ ಹಾರ್ಮೋನಿಯಂ ಒತ್ತಿ ಸರಿಯಾದ ಶ್ರುತಿ ಕೊಟ್ಟುಬಿಟ್ಟರು. ಚಾಪೆಗಳೆಲ್ಲ ಎದ್ದು ಕೂತು ಒನ್ಸ್ ಮೋರ್ ಎಂದವು. ಭೀಮ ಗದೆ ಎತ್ತಿದವನು ಯಾರ ತೊಡೆಗೆ ಹೊಡೆಯಬೇಕೆಂದು ತಿಳಿಯದೆ ಮೇಲೊಮ್ಮೆ ಕೆಳಗೊಮ್ಮೆ ನೋಡಿದ.

ಬೆಳಿಗ್ಗೆ ಸೀನರಿ ಬಿಚ್ಚುವಾಗ ಕಾರ್ಯದರ್ಶಿ ಪುಸ್ತಕ ಹಿಡಿದು ದೊಡ್ಡಪ್ಪನ ಜಗಲಿಗೆ ಬಂದ. ರಾತ್ರಿಯೆಲ್ಲ ನಿದ್ದೆಗೆಟ್ಟ ಮುಖದಲ್ಲೂ ಲೆಕ್ಕ ಮಾತ್ರ ಸರಿಯಾಗಿತ್ತು.

"ದೊಡ್ಡಪ್ಪ, ನಿಮ್ಮುನ್ನ ಸಕ್ರಿಯ ಅಂತ ಬರ್ಕಂಡಿವ್ನಿ. ಎರಡನೇ ದುರ್ಯೋಧನ. ಪಾತ್ರದ್ ದುಡ್ಡು ಅರ್ಧ ನಿಮ್ದು."

ದೊಡ್ಡಪ್ಪ ಕಾಫಿ ಲೋಟ ಕೆಳಗಿಟ್ಟರು.

"ಎರಡ್ನೇದು ಯಾಕ್ಲಾ? ಮೊದ್ಲು ಒಂದ್ನೇದು ಅಂತ ತಿದ್ದು. ದುಡ್ಡಿನ್ ಮಾತು ಆಮ್ಯಾಕೆ."